ಮಹಡಿ ಏರಿದ ಎಲೆಬಳ್ಳಿ

ನಾನು ಎಲೆ ಅಡಿಕೆ ಹಾಕುವವಳಲ್ಲ. ಆದರೂ ಗಂಡನ ಮನೆಯಲ್ಲಿ ನನ್ನ ಮರ್ಯಾದೆ ಎಷ್ಟೋ ವರ್ಷ ಒಂದು ವೀಳ್ಯದೆಲೆ ಬಳ್ಳಿಗೆ ಜೋತುಬಿದ್ದಿತ್ತು.

ನನ್ನ ತವರು ತ್ಯಾವಣಿಗೆ ಕಡೆ, ಅಪ್ಪನದು ಎಲೆತೋಟ. ಕೊಟ್ಟದ್ದು ಜಗಳೂರಿಗೆ. ಮದುವೆಯಾದ ಹೊಸದರಲ್ಲಿ ಬಳ್ಳಿಯ ತುಂಡೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದೆ. ಅತ್ತೆ ನೋಡಿ, "ಇಲ್ಲಿ ಜಾಲಿ ಬೆಳೆಯಾಕೇ ತಿಣುಕತೈತೆ. ನಿನ್ನ ಎಲೆಬಳ್ಳಿ ಬರ್ತೈತೇನವ್ವ?" ಎಂದರು. ನಮ್ಮಲ್ಲಿ ಮದುವೆಯ ಮಾತಿಗೂ ವೀಳ್ಯ, ಜಗಳ ಮುಗಿಸಲೂ ವೀಳ್ಯ. ಹಿಂದೆ ಯುದ್ಧಕ್ಕೆ ಕರೆಯಲೂ ವೀಳ್ಯ ಕೊಡುತ್ತಿದ್ದರಂತೆ. ಅತ್ತೆ ಆ ದಿನ ಕೊಟ್ಟದ್ದು ಈ ಕೊನೆಯದು. ದಿನವೂ ಎಲೆ ಹಾಕುವ ಅವರ ಬಾಯಿಗೆ ನನ್ನ ಬಳ್ಳಿಯ ಎಲೆಯೇ ಬೀಳಬೇಕೆಂದು ಹಟ ತೊಟ್ಟೆ.

ಬಚ್ಚಲ ಹಿಂದಿನ ನುಗ್ಗೆಮರದ ಬುಡದಲ್ಲಿ ನೆಟ್ಟೆ. ಎಲೆಬಳ್ಳಿಗೆ ನೀರು ಬೇಕು, ನಿಲ್ಲಬಾರದು. ಬೆಳಕು ಬೇಕು, ಬಿಸಿಲು ಬೇಡ. ಚಪ್ಪಲಿ ಮೆಟ್ಟಿ ಹತ್ತಿರ ಹೋಗಲೇಬಾರದು. ಇಷ್ಟು ಉಪಚಾರವನ್ನು ನಮ್ಮ ಯಜಮಾನರು ಹೊಸ ಅಳಿಯನಾಗಿದ್ದಾಗಲೂ ಕೇಳಿರಲಿಲ್ಲ. ಬಾಳೆ ನಾರಿನಿಂದ ಕಟ್ಟುತ್ತ ಹೋದೆ. ಬಳ್ಳಿ ನುಗ್ಗೆ ದಾಟಿ, ನೀರಿನ ಪೈಪು ಹಿಡಿದು, ಮಹಡಿ ಸೇರಿತು. ಓಣಿಯವರೆಲ್ಲ ಕತ್ತೆತ್ತಿ ನೋಡಿದರು. ಆಗ ನನ್ನ ಕತ್ತೂ ಸ್ವಲ್ಪ ಮೇಲೇ ಇತ್ತು ಅನ್ನಿ.

ಆದರೆ ಎಲೆ ಕೊಯ್ದು ತಂದರೆ ಅತ್ತೆ, "ಇದು ಎಲೆನೋ ಹುಣಸೆ ಚಿಗುರೋ? ನನ್ನ ಬಾಯಿ ತುಂಬಾಕೆ ಬಳ್ಳಿನೇ ಮೇಯಬೇಕು," ಎಂದು ಸಂತೆಯ ಎಲೆಕಟ್ಟು ಬಿಚ್ಚುತ್ತಿದ್ದರು. ಬಳ್ಳಿ ಏರಿದಷ್ಟೂ ಎಲೆ ಸಣ್ಣದಾಗುತ್ತಿದ್ದುದು ನಿಜ. ನಾನು ಜಗಳೂರಿನ ನೀರನ್ನು ಬೈದುಕೊಳ್ಳುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಬಂದ ನಮ್ಮಣ್ಣ ಮಹಡಿ ನೋಡಿ ನಕ್ಕುಬಿಟ್ಟ. "ಏನ್ ತಂಗಿ, ತೋಟದವರ ಮಗಳಾಗಿ ಬಳ್ಳಿ ಇಳಿಸೋದು ಮರೆತೆಯಾ?"

ಎತ್ತರಕ್ಕೆ ಹೋದ ಬಳ್ಳಿಯನ್ನು ಬಿಚ್ಚಿ, ಕೆಳಗಿಳಿಸಿ, ಸುರುಳಿ ಸುತ್ತಿ, ತುದಿಯಷ್ಟನ್ನೇ ಹೊರಗೆ ಬಿಟ್ಟು ಬುಡದಲ್ಲಿ ಮಣ್ಣು ಮುಚ್ಚಬೇಕು. ಹೊಸ ಬೇರು ಬಂದು ಎಲೆ ಅಗಲವಾಗುತ್ತದೆ. ತವರಿನಲ್ಲಿ ಕಣ್ಣಾರೆ ಕಂಡದ್ದೇ. ಆದರೆ ಊರೆಲ್ಲ ನೋಡಿದ ಬಳ್ಳಿಯನ್ನು ಮಣ್ಣಿಗೆ ಹಾಕಲು ಯಾರಿಗೆ ಮನಸ್ಸು ಬಂದೀತು, ನೀವೇ ಹೇಳಿ. ಅಣ್ಣ ಇಳಿಸುತ್ತಿದ್ದರೆ ನನಗೆ ಅಳುವೇ ಬಂತು.

"ಹೋತೇನವ್ವ ನಿನ್ನ ಬಳ್ಳಿ?" ಎಂದರು ಅತ್ತೆ. ದನಿಯಲ್ಲಿ ಗೇಲಿ ಇರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಹೆದರಿಕೆಯಾಯಿತು. ಮರುದಿನದಿಂದ ನಾನು ತಂಬಿಗೆ ಹಿಡಿದು ಹೋಗುವಷ್ಟರಲ್ಲಿ ಬುಡ ಆಗಲೇ ನೆನೆದಿರುತ್ತಿತ್ತು. ಅತ್ತೆಯ ಚಪ್ಪಲಿ ಬಚ್ಚಲ ಬಾಗಿಲಲ್ಲೇ ಇರುತ್ತಿತ್ತು.

ಮೊನ್ನೆ ಹೊನ್ನಾಳಿಯಿಂದ ಬೀಗರು ಬಂದಿದ್ದರು. ಅತ್ತೆ ತಾವೇ ಹೋಗಿ ಅಂಗೈಯಗಲದ ಎಲೆ ಕೊಯ್ದು ತಂದು, ಅವರಿಗೂ ಕೊಟ್ಟು, ತಾವೂ ಒಂದನ್ನು ಮಡಿಸಿ ಬಾಯಿಗಿಟ್ಟುಕೊಂಡರು.

"ಎಲೆ ಭಾಳ ಚೆಂದೈತ್ರಿ. ಸೊಸಿ ತವರಿಂದಾ?" ಎಂದರು ಬೀಗರು.

"ಯಾಕ್ರೀ, ನಮ್ಮ ಜಗಳೂರಿಂದು," ಎಂದರು ಅತ್ತೆ.

ತ್ಯಾವಣಿಗೆಯ ಹೆಸರು ನನ್ನ ನಾಲಿಗೆಯ ತುದಿವರೆಗೆ ಏರಿ ಬಂದಿತ್ತು. ಅದನ್ನೂ ಮೆಲ್ಲಗೆ ಇಳಿಸಿ, ಸುಣ್ಣದ ಡಬ್ಬಿಯನ್ನು ಅವರ ಮುಂದೆ ಸರಿಸಿದೆ.