ಹೊಸ ಆಂಟೆನಾದಲ್ಲಿ ಕೇಳಿಸಿದ ಗಾಳಿ

ಹಕ್ಕಿಯನ್ನು ಕೊನೆಗೆ ಕೊಂಡೊಯ್ದದ್ದು ಎತ್ತರವಲ್ಲ, ನಾಲ್ಕು ದಿನದ ಜ್ವರ. ಇಪ್ಪತ್ತು ವರ್ಷ ಮೊಬೈಲ್ ಟವರುಗಳನ್ನು ಹತ್ತಿಳಿದವನಿಗೆ ಜೊತೆಯವರಿಟ್ಟ ಹೆಸರು ‘ಹಕ್ಕಿ’. ಮೇಲೆ ಹೋದರೆ ಅವನು ಅರ್ಧ ಕನಸಿನಲ್ಲೇ ಇರುತ್ತಿದ್ದ. ಕೆಳಗಿನ ಮನೆಗಳಿಂದ ಹೊರಟ ಮಾತುಗಳೆಲ್ಲ ತನ್ನ ಕಿವಿ ಸವರಿಕೊಂಡೇ ದಾಟುತ್ತಿವೆ, ಮೋಡವೊಂದು ಅವನ್ನು ಕದ್ದು ಕೇಳುತ್ತಿದೆ ಎಂದೆಲ್ಲ ಅನ್ನಿಸುತ್ತಿತ್ತು ಅವನಿಗೆ.

ಒಮ್ಮೆ ಜಾರಿ ಭುಜ ಮುರಿದುಕೊಂಡಾಗ, ಅವನನ್ನು ಸಾಕಿ ಬೆಳೆಸಿದ ಅಕ್ಕ ಮಾತು ತೆಗೆದುಕೊಂಡಿದ್ದಳು: ಇನ್ನು ಹತ್ತಕೂಡದು, ಹತ್ತಿದರೆ ನನ್ನ ಹತ್ತಿರ ಮಾತಾಡಲೇಬೇಡ. ಅವನು ಹೂಂ ಎಂದ. ಮೂಳೆ ಕೂಡಿದ ಮೇಲೆ ಗುಟ್ಟಾಗಿ ಹತ್ತಿದ. ಮೇಲಿಂದಲೇ ಫೋನ್ ಮಾಡಿ ಆಫೀಸಿನಲ್ಲಿದ್ದೇನೆ ಎನ್ನುತ್ತಿದ್ದ. ಹಳೆಯ ನೆಟ್‌ವರ್ಕಿನ ಮಂಕು ದನಿಯಲ್ಲಿ ಗಾಳಿಯ ಸದ್ದು ಕರಗಿಹೋಗುತ್ತಿತ್ತು.

ಹೀಗಿರುವಾಗ ಒಂದು ವರ್ಷ ಕಂಪನಿ ಟವರುಗಳಿಗೆಲ್ಲ ವೇಗದ, ದನಿಯನ್ನು ಸ್ಪಷ್ಟವಾಗಿ ಒಯ್ಯುವ ಹೊಸ ಆಂಟೆನಾ ಕೂರಿಸುತ್ತಿತ್ತು. ಅಕ್ಕನಿಗೆ ಅದಕ್ಕೆ ತಕ್ಕ ಫೋನನ್ನೂ ಅವನೇ ಕೊಡಿಸಿದ್ದ. ಅವಳ ಬಡಾವಣೆಯ ಟವರಿನ ಕೆಲಸ ಮುಗಿದ ಮಧ್ಯಾಹ್ನ, ಪರೀಕ್ಷೆಯ ಮೊದಲ ಕರೆಯನ್ನು ಎಂದಿನಂತೆ ಅವಳಿಗೇ ಮಾಡಿದ.

“ಊಟ ಆಯ್ತಾ ಅಕ್ಕಾ?”

“ಆಯ್ತು. ಎಲ್ಲಿದೀಯೋ?”

“ಆಫೀಸಲ್ಲಿ.”

“ನಿಮ್ಮ ಆಫೀಸಿಗೆ ಗೋಡೆ ಇಲ್ವಾ? ಗಾಳಿ ಸುಯ್ ಅಂತಿದೆ.”

“ಫ್ಯಾನು.”

“ಫ್ಯಾನಿನ ಮೇಲೆ ಕಾಗೆ ಬೇರೆ ಸಾಕಿದೀರಾ?”

ತಾನು ಕೂರಿಸಿದ ಆಂಟೆನಾ ತನ್ನನ್ನೇ ಹಿಡಿದುಕೊಟ್ಟಿದೆ ಎಂದು ಆಗ ಹೊಳೆಯಿತು. ಟವರಿಗೆ ಸಿಕ್ಕಿಸಿದ್ದ ಸೊಂಟದ ಬೆಲ್ಟಿನ ಕೊಂಡಿ ಕಿಣಿ ಎಂದದ್ದೂ ಅವಳಿಗೆ ಕೇಳಿಸಿರಬೇಕು. ಈಗ ಫೋನ್ ಇಟ್ಟರೆ ಅವಳು ಮತ್ತೆ ಎತ್ತುವವಳಲ್ಲ. ಹಟದಲ್ಲಿ ಅವನಿಗಿಂತ ಒಂದು ಕೈ ಮೇಲು.

“ತಪ್ಪಾಯ್ತಕ್ಕಾ.”

ಆಚೆಯಿಂದ ಅವಳ ಉಸಿರು ಕೇಳಿಸಿತು, ಮಗ್ಗುಲಲ್ಲೇ ಕುಳಿತವಳದಷ್ಟು ಹತ್ತಿರ. ಅದರೊಳಗೆ ಸಣ್ಣದೊಂದು ಸಿಳ್ಳೆಯಿತ್ತು. ಇಷ್ಟು ದಿನ ಆರಾಮಾಗಿದ್ದೇನೆ, ಆರಾಮಾಗಿದ್ದೇನೆ ಎಂದೇ ಹೇಳಿಕೊಂಡು ಬಂದಿದ್ದಳು.

“ಅಕ್ಕಾ, ಎದೆ ಯಾವಾಗಿಂದ ಹೀಗೆ ಸಿಳ್ಳೆ ಹೊಡೀತಿದೆ?”

“ಮಾತು ತಿರುಗಿಸ್ಬೇಡ.”

“ನೀನೂ ಸುಳ್ಳು ಹೇಳಿದೀಯಲ್ಲ.”

ಮೋಡ ಕದ್ದು ಕೇಳಲು ಅವನ ಪಕ್ಕದಲ್ಲೇ ನಿಂತಂತಿತ್ತು.

“ಮೊದಲು ಕೆಳಗಿಳಿ, ಕೋತಿ. ಫೋನ್ ಇಡ್ಬೇಡ. ಹೇಳ್ತೀನಿ.”

ಅವನು ಫೋನನ್ನು ಎದೆಯ ಜೇಬಿಗಿಟ್ಟು ಇಳಿಯತೊಡಗಿದ. ಕೊಂಡಿ ಬಿಚ್ಚಿದಾಗಲೆಲ್ಲ ಅವಳು ಮಾತು ನಿಲ್ಲಿಸುತ್ತಿದ್ದಳು. ಮತ್ತೆ ಸಿಕ್ಕಿಸಿದ ಸದ್ದು ಕೇಳಿದ ಮೇಲೆ ಮುಂದುವರಿಸುತ್ತಿದ್ದಳು.