ಹಯಾತ್ ಸಾಬರ ಬಿದಿರು ಗಳ

ನನ್ನದು ಮೊದಲಿಂದಲೂ ಮೂಗಿನ ತುದಿಯಲ್ಲೇ ಕೋಪ. ಹಯಾತ್ ಸಾಬರ ಮೇಲೂ ಒಮ್ಮೆ ರೇಗಿದ್ದೆ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

೧೯೫೮ರಲ್ಲಿ ನಾನು ಭದ್ರಾವತಿಯಲ್ಲಿ ಓವರ್‌ಸಿಯರ್. ಓಲ್ಡ್ ಟೌನಿನ ಕೆಳಗೆ ಹೊಳೆಗೆ ಅಡ್ಡ ಕಟ್ಟಿದ್ದ ಸಣ್ಣ ಒಡ್ಡು ನನ್ನ ಪಾಲಿನದು. ಒಡ್ಡಿನ ಮೇಲಿಂದ ಧುಮುಕುವ ನೀರು ಬುಡದ ಮರಳನ್ನು ಕೊರೆದು ಗುಂಡಿ ಮಾಡುತ್ತದೆ. ಗುಂಡಿ ಬೆಳೆದರೆ ಒಡ್ಡೇ ಮಗುಚುತ್ತದೆ. ವರ್ಷವೂ ಮಳೆಗಾಲ ಮುಗಿದ ಮೇಲೆ ಹರಿಗೋಲಿನಲ್ಲಿ ಕೂತು, ಉದ್ದನೆಯ ಬಿದಿರು ಗಳ ಇಳಿಬಿಟ್ಟು ಆಳ ಅಳೆಯುವುದು ಸಾಬರ ಕೆಲಸ.

ಆ ವರ್ಷ ನಾನೂ ಹರಿಗೋಲಿನಲ್ಲಿದ್ದೆ. ಗಳ ಒಂಬತ್ತು ಅಡಿಗೆ ನಿಂತಿತು. ಹೋದ ವರ್ಷದಷ್ಟೇ. ಸಾಬರು ಗಳಕ್ಕೆ ಹಲ್ಲು ಊರಿ ಇನ್ನೊಮ್ಮೆ ಕುಟ್ಟಿದರು.

"ಇದು ತಳ ಅಲ್ಲ ಸಾಮಿ. ಪ್ರವಾಹ ತೋಡಿದ ಗುಂಡಿಗೆ, ಇಳಿಯೋ ನೀರು ಹೊಸ ಮರಳು ತುಂಬಿ ಹೋಗಿದೆ. ಗಟ್ಟಿ ತಳ ಆದ್ರೆ ಟಣ್ ಅಂತದೆ" ಎಂದು ಮತ್ತೆ ಆ ಕಡೆ ತಿರುಗಿದರು.

"ಒಂಬತ್ತು ಅಡಿ ಅಂತ ಕಣ್ಣಿಗೆ ಕಾಣ್ತಾ ಇದೆಯಲ್ಲ ಮಾರಾಯ. ದಡಕ್ಕೆ ನಡಿ" ಎಂದೆ. ಮೂರು ಸಲ ಹೇಳಿದರೂ ಅಲುಗಲಿಲ್ಲ. ಎಷ್ಟು ಸೊಕ್ಕು ಎಂದು ಹೆಗಲು ಹಿಡಿದು ಅಲ್ಲಾಡಿಸಿದೆ. ಅವರು ತಿರುಗಿ ನನ್ನ ತುಟಿಗಳನ್ನೇ ನೋಡಿದರು. ಆಗ ಅರ್ಥವಾಯಿತು.

"ಕಿವಿ ಹೋಗಿ ಎರಡು ವರ್ಷ ಆಯ್ತು ಸಾಮಿ. ಮುಂಚೆ ಗಳಕ್ಕೆ ಕಿವಿ ಇಡ್ತಿದ್ದೆ, ಈಗ ಹಲ್ಲು ಇಡ್ತೀನಿ. ಆಫೀಸಿಗೆ ಬರೀಬೇಡಿ. ಮನೆಯಾಕೆ ದನಿಯಂತೂ ಕೇಳಲ್ಲ, ಹೊಳೆ ದನಿ ಒಂದಾದ್ರೂ ಇರ್ಲಿ."

ಕಿವುಡರನ್ನು ಹೊಳೆಯ ಕೆಲಸಕ್ಕೆ ಇಟ್ಟುಕೊಳ್ಳುವಂತಿರಲಿಲ್ಲ. ನಾನು ಬರೆದರೆ ಮರುದಿನವೇ ಅವರು ಮನೆಗೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಿದ್ದಳು ನಮ್ಮಮ್ಮ. ಹರಿಗೋಲು ನಡೆಸುತ್ತಿದ್ದ ಗೋವಿಂದನನ್ನೂ ಸೇರಿಸಿಕೊಂಡು ಮೂವರೂ ಗಳವನ್ನು ಒತ್ತಿದೆವು. ಸಲೀಸಾಗಿ ಇಳಿದು ಹದಿನಾಲ್ಕು ಅಡಿಗೆ ನಿಂತಿತು. ನಾನೂ ಮರ್ಯಾದೆ ಬಿಟ್ಟು ಹಲ್ಲು ಊರಿದೆ. ಸಾಬರು ಕುಟ್ಟಿದರು. ಟಣ್ ಎಂದದ್ದು ಹಲ್ಲಿನಿಂದ ಏರಿ ತಲೆಯೊಳಗೇ ಕೇಳಿತು.

ಬೇಸಗೆಯಲ್ಲಿ ಒಡ್ಡಿನ ಬುಡಕ್ಕೆ ಗಾಡಿಗಟ್ಟಲೆ ಬಂಡೆ ಸುರಿಸಿದೆವು. ಆಫೀಸಿಗೆ ಆಳ ಎಷ್ಟೆಂದು ಬರೆದಿದ್ದೆ. ಕಿವಿಯ ವಿಚಾರ ಬರೆಯಬೇಕಿತ್ತು, ಬರೆಯಲಿಲ್ಲ. ಏನು ಮಾಡ್ತೀರಿ?

ಬರೆದಿಲ್ಲ ಎಂದು ಹೇಳಿ ಬರಲು ಒಂದು ಭಾನುವಾರ ಅವರ ಮನೆಗೆ ಹೋದೆ. ಹೆಂಡತಿ ಮೆಹಬೂಬ್ ಬೀ ಅಂಗಳದಲ್ಲಿ ಚಾಪೆ ಹಾಸಿದರು.

"ನಾನು ಕೂಗೋದು ಬೀದಿಗೆಲ್ಲ ಕೇಳ್ತದೆ ಸಾಮಿ, ಇವರೊಬ್ಬರನ್ನ ಬಿಟ್ಟು. ಕೂಗಿ ಕೂಗಿ ಮೆಲ್ಲಗೆ ಮಾತಾಡೋದೇ ಮರೆತೋಗಿದೆ" ಎಂದರು.

ಗೋಡೆಗೆ ಒರಗಿಸಿದ್ದ ಗಳ ಕಣ್ಣಿಗೆ ಬಿತ್ತು. ಅದರ ಸಣ್ಣ ತುದಿಯನ್ನು ಸಾಬರ ಹಲ್ಲಿಗೆ ಕೊಟ್ಟೆ, ಇನ್ನೊಂದು ತುದಿಯನ್ನು ಆಕೆಯ ಗಲ್ಲಕ್ಕೆ ಒತ್ತಿ ಹಿಡಿಸಿದೆ.

"ಈಗ ಮಾತಾಡಿ ಅಮ್ಮ, ಮೆಲ್ಲಗೆ."

ಆಕೆ ನಾಚಿ ಸೆರಗು ಎಳೆದುಕೊಂಡರು. ಆಮೇಲೆ, "ಚಾ ಕುಡೀತೀರಾ?" ಎಂದರು.

ಸಾಬರ ಕಣ್ಣು ತುಂಬಿ ಬಂತು. ಆಕೆ ಮತ್ತೊಮ್ಮೆ ಕೇಳಿದರು, ಇನ್ನೂ ಮೆಲ್ಲಗೆ. ಉತ್ತರ ಕೊಡಬೇಕೆಂದರೆ ಗಳ ಬಾಯಿಂದ ಬಿಡಬೇಕಿತ್ತು. ಅವರು ಬಿಡಲಿಲ್ಲ.