ಬಾಯಿಗೆ ಕೆಲಸ ಹೋದ ಕಾಲ

ನನ್ನ ಗಂಟಲು ದೊಡ್ಡದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೇಳದಿದ್ದರೆ ಇನ್ಯಾರಾದರೂ ಹೇಳುತ್ತಾರೆ. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ನಮ್ಮ ತಂದೆಯವರ ದಿನಸಿ ಅಂಗಡಿ ಇತ್ತು. ನಾನು ಹಿತ್ತಿಲಲ್ಲಿ ಕೂತು ಮಗ್ಗಿ ಹೇಳಿದರೆ ಅಂಗಡಿಯ ಗಿರಾಕಿಗಳು ಅದನ್ನು ಕೇಳಿಕೊಂಡೇ ತಮ್ಮ ಲೆಕ್ಕ ಸರಿನೋಡಿಕೊಳ್ಳುತ್ತಿದ್ದರಂತೆ. ಅಮ್ಮ ಮಾತ್ರ, "ಮೆಲ್ಲಗೆ ಹೇಳೋ, ಶಿವನಿಗೇನು ಕಿವುಡೇ?" ಎನ್ನುತ್ತಿದ್ದಳು. ಶಿವನ ವಿಷಯ ನನಗೆ ತಿಳಿಯದು. ಬೀದಿಯವರಿಗಂತೂ ಕಿವುಡಾಗಿದ್ದರೆ ಚೆನ್ನಾಗಿತ್ತು ಎನ್ನಿಸಿದ್ದುಂಟು.

ಇಂಥ ಗಂಟಲಿಗೂ ಒಂದು ಉದ್ಯೋಗವಿದೆಯೆಂದು ಕಂಡುಹಿಡಿದವರು ಚಿಕ್ಕವೀರಪ್ಪನವರು. ಅವರದು ಊರೂರು ಸುತ್ತುವ ಡೇರೆಯ ಸಿನಿಮಾ. ಆ ಕಾಲದ ಸಿನಿಮಾಕ್ಕೆ ಮಾತಿರಲಿಲ್ಲ. ಪರದೆಯ ಮೇಲೆ ಜನ ಓಡುವರು, ಅಳುವರು, ಕತ್ತಿ ತಿರುಗಿಸುವರು. ನಡುನಡುವೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ತೋರಿಸುವರು. ಅದನ್ನು ಓದಬಲ್ಲವರು ನಮ್ಮೂರಲ್ಲಿ ಇಬ್ಬರು ವಕೀಲರಿದ್ದರು. ಅವರು ಡೇರೆಗೆ ಬರುವುದು ಮರ್ಯಾದೆಯಲ್ಲವೆಂದು ಬರುತ್ತಿರಲಿಲ್ಲ. ಹಾಗಾಗಿ ಪರದೆಯ ಪಕ್ಕದಲ್ಲಿ ಒಬ್ಬ ಕೋಲು ಹಿಡಿದು ನಿಂತು ಕತೆಯನ್ನು ಕೂಗಿ ಹೇಳಬೇಕು. ಹಾಗೆ ಹೇಳುವವನಿಗೆ ನಮ್ಮೂರಿನಲ್ಲಿ ಗಂಟಲು ಕಟ್ಟಿತು. ಚಿಕ್ಕವೀರಪ್ಪನವರು ಹೊಳೆಯ ದಂಡೆಯಲ್ಲಿ ಚಿಂತಿಸುತ್ತ ನಿಂತಿದ್ದಾಗ, ನಾನು ಆಚೆ ದಡದಲ್ಲಿದ್ದ ನಮ್ಮ ಹಸುವನ್ನು ಕರೆದೆ. ಹಸು ಬರಲಿಲ್ಲ. ಚಿಕ್ಕವೀರಪ್ಪನವರು ಬಂದರು.

ಆಮೇಲೆ ಕೆಲವು ವರ್ಷ ನಾನು ಮೂಕಿ ಚಿತ್ರದ ಬಾಯಿಯಾಗಿ ಹಾಸನ, ಅರಕಲಗೂಡು, ಚನ್ನರಾಯಪಟ್ಟಣಗಳನ್ನೆಲ್ಲ ಸುತ್ತಿದೆ. ನನಗೂ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೆ ಚಿತ್ರ ಕಣ್ಣೆದುರಿಗೇ ಇರುವಾಗ ಅಕ್ಷರದ ಹಂಗು ಯಾಕೆ? ಟೋಪಿ ಹಾಕಿದ ದೊರೆ ರೈಲಿನಿಂದ ಇಳಿದರೆ ಅವನನ್ನು ಹಿರೀಸಾವೆಯ ಪಟೇಲರ ಅಳಿಯನನ್ನಾಗಿ ಮಾಡುತ್ತಿದ್ದೆ. ಕಷ್ಟವಾಗುತ್ತಿದ್ದದ್ದು ಒಂದೇ ಕಡೆ. ವಿಲಾಯಿತಿ ಚಿತ್ರಗಳಲ್ಲಿ ಹುಡುಗ ಹುಡುಗಿ ಇದ್ದಕ್ಕಿದ್ದ ಹಾಗೆ ಮುಖಕ್ಕೆ ಮುಖ ತಂದುಬಿಡುತ್ತಿದ್ದರು. ಮುಂದಿನ ಚಾಪೆಯ ಮೇಲೆ ಮುತ್ತೈದೆಯರು, ಮುದುಕಿಯರು. ನಾನು ಕೂಡಲೇ, "ಪಾಪ, ಹುಡುಗಿಯ ಕಣ್ಣಿಗೆ ಧೂಳು ಬಿದ್ದಿದೆ, ಹುಡುಗ ಊದುತ್ತಿದ್ದಾನೆ" ಎನ್ನುತ್ತಿದ್ದೆ. ಅರಕಲಗೂಡಿನ ಒಬ್ಬ ಗೌಡರು ಆಟ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಎಲ್ಲಾ ಸರಿ ಸಾ, ಆ ಸೀಮೇಲಿ ಧೂಳು ಬಾಳ ಕಣ" ಎಂದು ಮರುಗಿದರು.

ಹೀಗೆ ಜನರ ಕಣ್ಣಿಗೆ ನಾನು ಸುಖವಾಗಿ ಧೂಳು ಹಾಕಿಕೊಂಡಿದ್ದಾಗ ಟಾಕಿ ಬಂತು.

ಚಿಕ್ಕವೀರಪ್ಪನವರು ಮಾತಾಡುವ ಮಿಷನ್ನು ತರಿಸಿ ಹಾಸನದಲ್ಲಿ ಡೇರೆ ಹಾಕಿದರು. ಮೊದಲ ಚಿತ್ರ ಹಿಂದಿಯದು. ಹಿಂದಿ ಯಾರಿಗೆ ಬರುತ್ತೆ, ನನ್ನ ಕೆಲಸಕ್ಕೇನೂ ಮೋಸವಿಲ್ಲ ಎಂಬ ಧೈರ್ಯದಿಂದ ನಾನು ಕೋಲು ಹಿಡಿದು ಎಂದಿನಂತೆ ನಿಂತೆ. ಚಿತ್ರ ಶುರುವಾಯಿತು, ನಾನೂ ಶುರುವಾದೆ. ರಾಣಿ ಮಾತಾಡಿದಳು, ನಾನೂ ಮಾತಾಡಿದೆ. ಅವಳು ದನಿ ಏರಿಸಿದಳು, ನಾನು ಬಿಡುತ್ತೇನೆಯೆ? ಕೊನೆಗೆ ಅವಳು ಹಾಡಲು ತೊಡಗಿದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಕೈಮುಗಿದು, "ಯಾರಾರಾ ಒಬ್ರು ಮಾತಾಡ್ರಪ್ಪ" ಎಂದ. ಅವನ ದೃಷ್ಟಿ ನನ್ನ ಮೇಲೆಯೇ ಇತ್ತು.

ಮಾರನೆಯ ಬೆಳಿಗ್ಗೆ ಚಿಕ್ಕವೀರಪ್ಪನವರು ಕರೆದರು. "ತಪ್ಪು ತಿಳ್ಕೋಬೇಡಪ್ಪ. ಮಿಷನ್ನು ಊಟ ಕೇಳೋದಿಲ್ಲ, ಹಬ್ಬಕ್ಕೆ ರಜ ಕೇಳೋದಿಲ್ಲ" ಎಂದರು.

"ಆದರೆ ಅದು ಹೇಳೋದು ಯಾರಿಗೂ ತಿಳಿಯೋದಿಲ್ವಲ್ಲ ಸ್ವಾಮಿ" ಎಂದೆ.

"ನೀನು ಹೇಳೋದು ಎಲ್ಲರಿಗೂ ತಿಳೀತಿತ್ತು. ಆದರೆ ಅದು ಚಿತ್ರದಲ್ಲಿ ಇರ್ತಿರಲಿಲ್ಲ" ಎಂದರು ಅವರು. ಹುಟ್ಟಿದಂದಿನಿಂದ ನಾನು ಉತ್ತರ ಕೊಡದೆ ಎದ್ದು ಬಂದದ್ದು ಅದೇ ಮೊದಲು.

ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಕೈಕಾಲಿನ ಕೆಲಸ ಹೋದರೆ ಇನ್ನೊಂದು ಕೈಕಾಲಿನ ಕೆಲಸ ಹುಡುಕಬಹುದು. ಕತೆ ಹೇಳುವ ಬಾಯಿಯನ್ನು ಹೊತ್ತು ಯಾವ ಮನೆ ಬಾಗಿಲಿಗೆ ಹೋಗುವುದು? ಇಷ್ಟು ದಿನ ಜನ ಚಪ್ಪಾಳೆ ತಟ್ಟಿದ್ದು ನನಗೋ, ಹಿಂದಿದ್ದ ಬೆಳಕಿಗೋ ಎಂಬ ಅನುಮಾನ ಬೇರೆ. ನನ್ನ ಹೆಂಡತಿ ಪಾರ್ವತಿ ಇದನ್ನೆಲ್ಲ ಸ್ವಲ್ಪ ದಿನ ನೋಡಿದಳು. ಆಮೇಲೆ, "ಗಂಟಲಿರೋದು ಕೂಗೋಕೆ ಮಾತ್ರ ಅಂತ ಯಾರು ಹೇಳಿದ್ರು? ಅನ್ನ ಇಳಿಯೋದೂ ಅದರಲ್ಲೇ. ಏಳಿ" ಎಂದಳು.

ಎದ್ದೆ. ಅರಕಲಗೂಡಿನಲ್ಲಿ ಅವಳ ಅಣ್ಣನ ಜವಳಿ ಅಂಗಡಿ. ಅಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸಕ್ಕೆ ಕೂತೆ. ಒಂದು ಮದುವೆಯ ಮನೆಯವರು ಬಂದರು. ಕುಂಕುಮ ಬಣ್ಣದ ಸೀರೆಯೊಂದನ್ನು ಹರಡಿ, ಅದನ್ನುಟ್ಟು ಹಸೆಗೆ ಬರುವ ಹುಡುಗಿಯ ಕತೆ ಹೇಳಿದೆ. ಗಂಡನ ಮನೆಗೆ ಹೊರಟದ್ದನ್ನು ಹೇಳಿದೆ. ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಕತೆಯ ಓಟದಲ್ಲಿ ಅತ್ತೆಯ ಕಾಟವನ್ನೂ ಸೇರಿಸಿಬಿಟ್ಟೆ. ಅವರು ದುಃಖದಿಂದ ಎದ್ದು ಎದುರಿನ ಅಂಗಡಿಗೆ ಹೋದರು. ಆ ಸೀರೆಯ ಕಾಲ್ಗುಣ ಕೆಟ್ಟದ್ದೆಂದು ಊರಲ್ಲೆಲ್ಲ ಹಬ್ಬಿತು. ಕೊನೆಗೆ ಭಾವನವರೇ ಅದನ್ನು ಮನೆಗೆ ತಂದು ಕಿಟಕಿಗೆ ಕಟ್ಟಿಕೊಂಡರು. ನನ್ನನ್ನು ಎಲ್ಲಿಗೆ ಕಟ್ಟುವುದೆಂದು ತಿಳಿಯದೆ ಚನ್ನರಾಯಪಟ್ಟಣದ ಬಸ್ಸಿನ ಏಜೆಂಟರಿಗೆ ಹೇಳಿ ಅಲ್ಲಿಗೆ ಕಳಿಸಿದರು.

ಬಸ್‌ಸ್ಟ್ಯಾಂಡಿನಲ್ಲಿ ಜನರನ್ನು ಕೂಗಿ ಹತ್ತಿಸುವುದು ನನ್ನ ಕೆಲಸ. ಬರೀ ಊರಿನ ಹೆಸರು ಕೂಗಿದರೆ ಸಾಕಾಗಿತ್ತು. ನನಗೆ ಸಾಲಲಿಲ್ಲ. ಹಿರೀಸಾವೆ ಎಂದರೆ ಅಲ್ಲಿನ ರಸ್ತೆ ಬದಿಯ ಹೋಟೆಲಿನ ವಡೆ, ಆ ವಡೆಯ ಬಣ್ಣ, ಚಟ್ನಿಯ ಖಾರ ಎಲ್ಲ ಬರುತ್ತಿತ್ತು. ಎತ್ತು ಕೊಳ್ಳಲು ಹಾಸನದ ಕಡೆ ಹೊರಟಿದ್ದ ರೈತನೊಬ್ಬ ನನ್ನ ಮಾತು ಕೇಳಿ ಹಿರೀಸಾವೆಯ ಬಸ್ಸು ಹತ್ತಿಬಿಟ್ಟ. ಮಾರನೆಯ ದಿನ ನನ್ನನ್ನು ಹುಡುಕಿಕೊಂಡು ಬಂದು, "ವಡೆ ತಣ್ಣಗಿತ್ತು ಕಣಯ್ಯ" ಎಂದ. ಎತ್ತಿನ ಸುದ್ದಿ ನಾನು ಕೇಳಲಿಲ್ಲ. ಅಷ್ಟರಲ್ಲಿ ಯುದ್ಧ ಬಂದು ಪೆಟ್ರೋಲು ಅಪರೂಪವಾಯಿತು. ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದರು. ದಿಬ್ಬ ಬಂದರೆ ಇಳಿದು ತಳ್ಳಬೇಕು. ಬಸ್ಸುಗಳು ಕಡಿಮೆಯಾದವು, ಜನ ಕರೆಯದೆಯೇ ಮುಗಿಬೀಳತೊಡಗಿದರು. ಕೂಗುವವನ ಅಗತ್ಯ ಮತ್ತೆ ತಪ್ಪಿತು.

ಆದರೆ ನಾನು ಊರಿಗೆ ಹೊರಟ ಬಸ್ಸನ್ನು ದಿಬ್ಬದಲ್ಲಿ ತಳ್ಳುತ್ತಿದ್ದ ಪ್ರಯಾಣಿಕರಲ್ಲಿ ಒಬ್ಬರು ಸರ್ಕಾರದ ಆರೋಗ್ಯ ಇಲಾಖೆಯ ಡಾಕ್ಟರು. ನಾನು ತಳ್ಳುವವರನ್ನು ಹುರಿದುಂಬಿಸುತ್ತಿದ್ದುದನ್ನು ಕೇಳಿ ಬೆವರೊರೆಸಿಕೊಳ್ಳುತ್ತ ಹತ್ತಿರ ಬಂದರು. ಹಳ್ಳಿಹಳ್ಳಿಗೆ ಹೋಗಿ ಮ್ಯಾಜಿಕ್ ಲಾಂದ್ರದಲ್ಲಿ ಗಾಜಿನ ಚಿತ್ರಗಳನ್ನು ತೋರಿಸಿ ರೋಗರುಜಿನಗಳ ವಿಷಯ ತಿಳಿಹೇಳುವುದು ಅವರ ಕೆಲಸ. "ನಾನು ಬಾಯಿ ತೆರೆದರೆ ಜನ ಕಣ್ಣು ಮುಚ್ಚುತ್ತಾರೆ. ನೀವು ಬರುತ್ತೀರಾ? ಕೆಲಸ ಖಾಯಂ ಅಲ್ಲ" ಎಂದರು. ಮೂಕಿ ಚಿತ್ರ ಎಂದ ಮೇಲೆ ನನಗೆ ಖಾಯಂ ಯಾಕೆ? ತವರಿನವರು ಕರೆದಷ್ಟು ಸಂತೋಷವಾಯಿತು.

ಮೊದಲು ಹೋದದ್ದು ಹಳೇಕೋಟೆಯ ಕಡೆಯ ಒಂದು ಹಳ್ಳಿಗೆ. ಸುತ್ತಮುತ್ತ ಕಾಲರಾ ಕಾಣಿಸಿಕೊಂಡಿತ್ತು. ಊರಿಗೆಲ್ಲ ಒಂದೇ ಬಾವಿ. ಅದಕ್ಕೆ ಔಷಧದ ಬಿಳಿ ಪುಡಿ ಹಾಕಲು ಜನರನ್ನು ಒಪ್ಪಿಸಬೇಕು. ಸಂಜೆ ಗೋಡೆಗೆ ಪಂಚೆ ಕಟ್ಟಿದೆವು. ಚಿತ್ರದಲ್ಲಿ ಒಬ್ಬ ರೈತ ಬಾವಿಯ ನೀರು ಕುಡಿಯುತ್ತಾನೆ, ಮಲಗುತ್ತಾನೆ, ಪಕ್ಕದಲ್ಲಿ ಒಬ್ಬ ಹೆಂಗಸು ಅಳುತ್ತಾಳೆ. ಅಷ್ಟೇ. ನಾನು ಅವನಿಗೆ ಕೆಂಚ ಎಂದು ಹೆಸರಿಟ್ಟೆ. ಒಂದು ಜೋಡಿ ಎತ್ತು ಕೊಟ್ಟೆ, ತುಂಬಿದ ಬಸುರಿ ಹೆಂಡತಿಯನ್ನು ಕೊಟ್ಟೆ, ಆಮೇಲೆ ಎಲ್ಲವನ್ನೂ ಕಿತ್ತುಕೊಂಡೆ. ಇಡೀ ಊರು ಅತ್ತಿತು. ಡಾಕ್ಟರೂ ಕನ್ನಡಕ ತೆಗೆದು ಒರೆಸಿಕೊಂಡರು.

ಬೆಳಿಗ್ಗೆ ಪುಡಿ ತೆಗೆದುಕೊಂಡು ಬಾವಿಯ ಹತ್ತಿರ ಹೋದರೆ ಊರವರು ಅಡ್ಡ ನಿಂತರು. "ನಮ್ ಬಾವಿಗ್ಯಾಕೆ ಸಾ? ಇದು ಎಳನೀರಿದ್ದಂಗೈತೆ. ಆ ಕೆಂಚನ ಊರಿನ ಬಾವಿಗಾಕಿ" ಎಂದರು. ಡಾಕ್ಟರು ನನ್ನ ಮುಖ ನೋಡಿದರು. ಅಷ್ಟರಲ್ಲಿ ನಿಂಗಮ್ಮ ಎಂಬ ಮುದುಕಿ ಮೊರದ ತುಂಬ ರಾಗಿ ತಂದು ನನ್ನ ಮುಂದಿಟ್ಟಳು.

"ಏನಮ್ಮ ಇದು?" ಎಂದೆ.

"ಕೆಂಚನ ಎಂಡ್ರಿಗೆ ಕಣಪ್ಪ. ಬಸುರಿ ಎಂಗ್ಸು, ಒಬ್ಳೇ ಏನ್ ಮಾಡಾಳು? ಆ ಕಡೀಕೆ ಓದಾಗ ಕೊಟ್ಬುಡು."

ಆ ಹೊತ್ತಿನಲ್ಲಿ ಭೂಮಿ ಬಾಯಿ ಬಿಟ್ಟಿದ್ದರೆ ನಾನು ಸಂತೋಷವಾಗಿ ಇಳಿಯುತ್ತಿದ್ದೆ. "ಅಮ್ಮ, ಕೆಂಚ ಅನ್ನೋನು ಯಾರೂ ಇಲ್ಲ. ಅದು ನಾನು ಕಟ್ಟಿದ ಕತೆ" ಎಂದೆ.

"ಅಂಗಾರೆ ಅವ್ನು ಸತ್ತಿಲ್ವಾ?"

"ಇಲ್ಲಮ್ಮ."

"ಬುಡು, ಒಳ್ಳೇದಾಯ್ತು" ಎಂದಳು. ಬೈಯಲಿಲ್ಲ. ಮೊರವನ್ನು ತಿರುಗಿ ಎತ್ತಿಕೊಂಡು, "ನನ್ ಮಗ್ಳು ಸತ್ತೋದ್ಲಲ್ಲ, ಅವ್ಳ್ದೂ ಕತೆ ಆಗಿದ್ರೆ ಚೆಂದಾಗಿತ್ತು" ಎಂದಳು.

ನನ್ನ ನಾಲಿಗೆಯ ತುದಿಯಲ್ಲಿ ಸಮಾಧಾನದ ಒಳ್ಳೊಳ್ಳೆಯ ಮಾತುಗಳಿದ್ದವು. ಯಾಕೋ ಒಂದೂ ಆಡಲಿಲ್ಲ. ಅವಳ ಜಗಲಿಯ ಮೇಲೆ ಕೂತೆ. ಅವಳು ಹೇಳತೊಡಗಿದಳು. ಹಿಂದಿನ ವರ್ಷ ಮಗಳು ಬಾಣಂತನಕ್ಕೆ ಬಂದದ್ದು, ಬೇಸಿಗೆಯಲ್ಲಿ ಬಾವಿಯ ನೀರು ತಳ ಕಂಡದ್ದು, ವಾಂತಿ ಶುರುವಾದ ಮೇಲೆ ಗಾಡಿ ಕಟ್ಟುವಷ್ಟೂ ಹೊತ್ತು ಸಿಗದೆ ಹೋದದ್ದು. ಕೇಳುತ್ತ ಕೇಳುತ್ತ ಪಕ್ಕದ ಮನೆಯವರು ಬಂದು ಕೂತರು. ಅವರ ಮನೆಯಲ್ಲೂ ಒಬ್ಬರು ಹೋಗಿದ್ದರು. ನಾನು "ಹೂಂ" ಎನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಗಂಟಲಿಗೆ ಅಭ್ಯಾಸವಿಲ್ಲದೆ ನೋಯುತ್ತಿತ್ತು.

ಆ ಸಂಜೆ ಮತ್ತೆ ಪಂಚೆ ಕಟ್ಟಿ, ಚಿತ್ರ ಹಾಕಿ, ಸುಮ್ಮನೆ ನಿಂತೆ. ಡಾಕ್ಟರಿಗೆ ಗಾಬರಿ. "ಏನಯ್ಯ, ಗಂಟಲು ಕಟ್ಟಿತೇ?" ಎಂದು ಪಿಸುಗುಟ್ಟಿದರು. "ಇಲ್ಲ ಸ್ವಾಮಿ, ನಾನೇ ಕಟ್ಟಿಕೊಂಡಿದ್ದೇನೆ" ಎಂದೆ. ಅಳುವ ಹೆಂಗಸಿನ ಚಿತ್ರ ಬಂದಾಗ ಜನರನ್ನು, "ಇವಳು ಯಾರು, ನಿಮಗೆ ಗೊತ್ತೆ?" ಎಂದು ಕೇಳಿದೆ.

ನಿಂಗಮ್ಮ, "ಅದು ನಾನೇಯ" ಎಂದಳು.

ಯಾರೂ ಅಳಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಪುಡಿ ಹಾಕಿದರೆ ನೀರು ನಾರುತ್ತದಂತೆ, ದನ ಮೂಸುವುದಿಲ್ಲವಂತೆ, ಬಾವಿಯ ಗಂಗಮ್ಮನಿಗೆ ಕೋಪ ಬರುತ್ತದಂತೆ. ಡಾಕ್ಟರು ಒಂದು ಕೊಡ ನೀರಿಗೆ ಔಷಧ ಬೆರೆಸಿ ಎಲ್ಲರ ಎದುರಿಗೆ ತಾವು ಕುಡಿದರು, ನನಗೂ ಕುಡಿಸಿದರು. ನಾರುತ್ತಿತ್ತು, ನಾರುವುದಿಲ್ಲವೆಂದು ನಾನು ಹೇಳಲಿಲ್ಲ. ಗಂಗಮ್ಮನ ಜವಾಬ್ದಾರಿಯನ್ನು ನಿಂಗಮ್ಮ ವಹಿಸಿಕೊಂಡು ಬಾವಿಗೆ ಅರಿಶಿನ ಕುಂಕುಮ ಇಟ್ಟಳು. ಬೆಳಿಗ್ಗೆ ಪುಡಿ ಬಿತ್ತು. ಆ ಬೇಸಿಗೆಯಲ್ಲಿ ಅಕ್ಕಪಕ್ಕದ ಹಳ್ಳಿಗಳಲ್ಲಿ ಸಾವಾಯಿತು. ಈ ಊರಲ್ಲಿ ಮೂವರು ಮಲಗಿದರು, ಮೂವರೂ ಎದ್ದರು.

ಅಂದಿನಿಂದ ನಾನು ಒಂದು ವಿಚಾರ ಮಾಡುತ್ತಿದ್ದೇನೆ. ನಮ್ಮ ಭಾಷೆ ಬಲು ಜಾಣೆ. ಬಾಯಿಯನ್ನು ನಾವು ಬಿಡುತ್ತೇವೆ, ಬಡಿಯುತ್ತೇವೆ, ಮಾಡುತ್ತೇವೆ, ಎಲ್ಲೆಂದರಲ್ಲಿ ಹಾಕುತ್ತೇವೆ. ಕಿವಿಯನ್ನು ಮಾತ್ರ ಕೊಡುತ್ತೇವೆ. ಕೊಡುವಂಥದ್ದು ನನ್ನ ಹತ್ತಿರ ಎರಡಿದ್ದವು. ಇಷ್ಟು ವರ್ಷ ನಾನು ಒಂದೇ ಇದ್ದ ಬಾಯಿಯನ್ನು ನಂಬಿಕೊಂಡು ಊರೂರು ಅಲೆದಿದ್ದೆ. ಟಾಕಿ ಬಾರದೆ ಇದ್ದಿದ್ದರೆ ಇವತ್ತಿಗೂ ಕೋಲು ಹಿಡಿದು ಧೂಳು ಊದಿಸುತ್ತಲೇ ಇರುತ್ತಿದ್ದೆನೇನೋ. ಹಾಗೆಂದು ಕೆಲಸ ಹೋಗುವುದು ಒಳ್ಳೆಯದೆಂದು ನಾನು ಯಾರಿಗೂ ಹೇಳುವುದಿಲ್ಲ. ಗೋಡೆ ನೋಡಿಕೊಂಡು ಮಲಗಿದವನಿಗೆ ಅದನ್ನು ಹೇಳಹೊರಟವನು ಏಟು ತಿಂದಾನು.

ಕೆಲವು ಕಾಲದ ಮೇಲೆ ಡಾಕ್ಟರ ಶಿಫಾರಸಿನಿಂದ ಕೆಲಸ ಖಾಯಂ ಮಾಡುವ ಮಾತು ಬಂತು. ಹಾಸನದಲ್ಲಿ ದೊಡ್ಡ ಅಧಿಕಾರಿಗಳ ಮುಂದೆ ಹೋಗಬೇಕು. ಪಾರ್ವತಿ ಅಂಗಿ ಒಗೆದು ಕೊಟ್ಟು, "ಹೇಗೆ ಮಾತಾಡಬೇಕು ಅಂತ ಯೋಚನೆ ಮಾಡಿದ್ದೀರಾ?" ಎಂದಳು. ಇಲ್ಲವೆಂದೆ. ಅವಳಿಗೆ ಆತಂಕವಾಯಿತು.

ಅಧಿಕಾರಿಗಳು ಎದುರಿನ ಇನ್ನೊಂದು ಕುರ್ಚಿಯ ಮೇಲೆ ಒಂದು ಕಾಲನ್ನು ನೀಡಿಕೊಂಡು ಕೂತಿದ್ದರು. "ನಿನಗೇನು ಬರುತ್ತಯ್ಯಾ?" ಎಂದರು. ನಾನು ಅವರ ಕಾಲಿನ ಕಡೆ ನೋಡಿ, "ಮಂಡಿ ನೋವೇ ಸ್ವಾಮಿ?" ಎಂದೆ. ಅವರು ನಿಟ್ಟುಸಿರು ಬಿಟ್ಟರು. ಮಂಡಿಯಿಂದ ಶುರುವಾಯಿತು. ಅಲ್ಲಿಂದ ಮೈಸೂರಿನ ವೈದ್ಯರು, ತಮಗೆ ತಪ್ಪಿದ ಬಡ್ತಿ, ಮಾತು ಕೇಳದ ಅಳಿಯ, ಹಾಸನದ ಚಳಿ ಎಲ್ಲ ಬಂದವು. ನಾನು "ಹೌದೇ", "ಆಮೇಲೆ", "ಅಯ್ಯೋ ಪಾಪ" ಎಂಬ ಮೂರರಲ್ಲಿ ಕಾಲ ಕಳೆದೆ. ಹೊರಗೆ ಕಾಯುತ್ತಿದ್ದವರು ಬಾಗಿಲಲ್ಲಿ ಎರಡು ಸಲ ಇಣುಕಿ ಹೋದರು.

ಕೊನೆಗೆ ಅವರು ಹಗುರಾಗಿ ಕಾಲನ್ನು ಕೆಳಗಿಟ್ಟು, ಕಾಗದಕ್ಕೆ ರುಜು ಹಾಕಿ, ಡಾಕ್ಟರನ್ನು ಒಳಗೆ ಕರೆಸಿದರು.

"ನೀವು ಹೇಳಿದ್ದು ನಿಜ" ಎಂದರು. "ಈತ ಬಹಳ ಚೆನ್ನಾಗಿ ಮಾತಾಡುತ್ತಾನೆ."